ಎರಡನೇ ಹಾಳೆ

ಆ ದಾರದ ಕಾರ್ಖಾನೆಯಲ್ಲಿ ಆಕೆಯ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಮಿಕ್ಕವರಿಗೆಲ್ಲ ಆಕೆ ಬಣ್ಣದಕ್ಕ. ಇಪ್ಪತ್ತಾರು ವರ್ಷ ಒಂದೇ ಕಿಟಕಿಯ ಕೆಳಗೆ, ಒಂದೇ ಮೇಜಿನ ಮುಂದೆ ನಿಂತು ಬಣ್ಣ ಹೊಂದಿಸಿದವಳು. ಸಿದ್ಧ ಉಡುಪಿನವರು ಬೆರಳಗಲದ ಬಟ್ಟೆ ತುಂಡು ಕಳಿಸಿ ಇದಕ್ಕೆ ಹೊಂದುವ ದಾರ ಬೇಕು ಅಂದರೆ, ತುಂಡನ್ನು ಬೆಳಕಿಗೆ ಹಿಡಿದು ಎರಡು ಸಲ ತಿರುಗಿಸುತ್ತಿದ್ದಳು. ಯಾವ ಪುಡಿ ಎಷ್ಟು, ನೀರು ಎಷ್ಟು ಬಿಸಿ, ದಾರದ ಲಡಿ ಬಣ್ಣದ ತೊಟ್ಟಿಯಲ್ಲಿ ಎಷ್ಟು ಹೊತ್ತು ಇರಬೇಕು, ಎಲ್ಲ ಬಾಯಲ್ಲೇ ಹೇಳುತ್ತಿದ್ದಳು. ಉಗುರಿನ ಸಂದಿಯಲ್ಲಿ ಯಾವಾಗಲೂ ನಿನ್ನೆಯ ಬಣ್ಣ. ಮದುವೆಯ ಮಾತು ಬಂದಾಗಲೆಲ್ಲ ಮನೆಯಲ್ಲಿ ಏನಾದರೊಂದು ಅಡ್ಡ ಬಂದು, ಕೊನೆಗೆ ಮಾತು ಬರುವುದೇ ನಿಂತುಹೋಯಿತು. ತಂದೆ ಇಲ್ಲದ ತಮ್ಮನನ್ನು ಓದಿಸಿ, ಅದೇ ಕಾರ್ಖಾನೆಯ ಬಾಯ್ಲರಿಗೆ ಸೇರಿಸಿ, ಅವನಿಗೆ ಮದುವೆ ಮಾಡಿದವಳೂ ಅವಳೇ. ಅವನು ಹೆಂಡತಿ, ಇಬ್ಬರು ಹೆಣ್ಣುಮಕ್ಕಳೊಂದಿಗೆ ಎರಡು ಬೀದಿ ಆಚೆ ಇದ್ದ. ಇವಳ ಜೊತೆ ಕಿವಿ ಮಂದವಾದ, ಬಾಯಿ ಮಂದವಾಗದ ಅಮ್ಮ ಇದ್ದಳು.

ತನ್ನ ತಂದೆ ಸತ್ತ ಮೇಲೆ ಕಾರ್ಖಾನೆಗೆ ಕಾಲಿಟ್ಟ ಯಜಮಾನನಿಗೆ ಕಂದು ಯಾವುದು, ಮರೂನು ಯಾವುದು ಅನ್ನುವುದೂ ಗೊತ್ತಿರಲಿಲ್ಲ. ಆರು ತಿಂಗಳು ದಿನಾ ಬೆಳಿಗ್ಗೆ ಆಕೆಯ ಮೇಜಿನ ಪಕ್ಕ ನಿಂತು ಕಲಿತ. ಅಂದಿನಿಂದ ಆಕೆಯನ್ನು 'ಅಕ್ಕ' ಎಂದೇ ಕರೆಯುತ್ತಿದ್ದ. ಬೇರೆ ಯಾರನ್ನೂ ಹಾಗೆ ಕರೆಯುತ್ತಿರಲಿಲ್ಲ. ಅದು ಆಕೆಗೆ ಒಳಗೊಳಗೇ ಹೆಮ್ಮೆ.

ಒಂದು ದಿನ ಅವನು ಆಕೆಯನ್ನು ಗಾಜಿನ ಕೋಣೆಗೆ ಕರೆಸಿ ಕುರ್ಚಿ ತೋರಿಸಿದ. ಇಪ್ಪತ್ತಾರು ವರ್ಷದಲ್ಲಿ ಆ ಕುರ್ಚಿಯಲ್ಲಿ ಆಕೆ ಕೂತಿರಲಿಲ್ಲ. ತುದಿಯಲ್ಲಿ ಕೂತಳು.

"ಅಕ್ಕ, ಪಕ್ಕದ ರಾಜ್ಯದವರು ಕರೀತಾ ಇದ್ದಾರೆ. ಅರ್ಧ ಬೆಲೆಗೆ ಜಾಗ, ಐದು ವರ್ಷ ತೆರಿಗೆ ಇಲ್ಲ, ಕರೆಂಟು ಹೋಗೋದೇ ಇಲ್ಲವಂತೆ. ಇಲ್ಲಿ ನೋಡಿ, ದಿನಕ್ಕೆ ನಾಲ್ಕು ಗಂಟೆ ಕತ್ತಲು. ಲಾರಿ ತಿರುಗಿಸೋಕೆ ಜಾಗ ಇಲ್ಲ. ಅಕ್ಕಪಕ್ಕದ ಮನೆಯವರು ಹೊಗೆ ಹೊಗೆ ಅಂತ ದೂರು ಬರೀತಾರೆ. ಹೋಗೋದಾ, ಬೇಡ್ವಾ? ತಲೆ ಕೆಟ್ಟುಹೋಗಿದೆ."

"ನನ್ನನ್ನ ಯಾಕೆ ಕೇಳ್ತೀರಿ ಸರ್? ಮ್ಯಾನೇಜರ್ ಇದ್ದಾರಲ್ಲ."

"ಮ್ಯಾನೇಜರಿಗೆ ಲೆಕ್ಕ ಗೊತ್ತು, ಕೆಲಸ ಗೊತ್ತಿಲ್ಲ. ನೀವೇ ಹೋಗಿ ನೋಡಿ. ಒಳ್ಳೇದೇನು, ಕೆಟ್ಟದ್ದೇನು, ಮುಚ್ಚುಮರೆ ಇಲ್ಲದೆ ಬರೆದುಕೊಡಿ. ನೀವು ಬೇಡ ಅಂದ್ರೆ ಬೇಡ. ಆದ್ರೆ ತೀರ್ಮಾನ ಆಗೋವರೆಗೂ ಯಾರಿಗೂ ಹೇಳಬೇಡಿ. ಪಾಪ, ಸುಮ್ಮನೆ ಗಾಬರಿ ಆಗ್ತಾರೆ."

ಮನೆಗೆ ಬಂದು ಅಮ್ಮನ ಕಿವಿಯ ಹತ್ತಿರ ಬಾಯಿಟ್ಟು ಹೇಳಿದಳು. ಅಮ್ಮನಿಗೆ ಹೇಳಿದರೆ ಗೋಡೆಗೆ ಹೇಳಿದ ಹಾಗೆ, ಹೊರಗೆ ಹೋಗುವುದಿಲ್ಲ. ಅಮ್ಮ ಎಲ್ಲ ಕೇಳಿಸಿಕೊಂಡು, "ಕುರಿ ಕೇಳಿ ಮಸಾಲೆ ಅರೆಯೋ ಮನೆ ಎಲ್ಲಾದ್ರೂ ಉಂಟಾ?" ಎಂದು ಗೋಡೆಯ ಕಡೆ ಹೊರಳಿ ಮಲಗಿದಳು. ಬಣ್ಣದಕ್ಕನಿಗೆ ಸಿಟ್ಟು ಬಂತು. ಅಮ್ಮನಿಗೆ ಹೊರಗಿನ ಲೋಕ ಏನು ಗೊತ್ತು? ಮಾರನೆಯ ದಿನ ಎಲ್ಲಿಗೆ ಪ್ರಯಾಣ ಎಂದು ತಮ್ಮ ಕೇಳಿದಾಗ, ದೊಡ್ಡ ಗಿರಾಕಿಯೊಬ್ಬರನ್ನು ನೋಡಲು ಹೋಗುತ್ತಿದ್ದೇನೆ ಎಂದು ಸುಳ್ಳು ಹೇಳಿದಳು. ತಮ್ಮನಿಗೆ ಆಕೆ ಹೇಳಿದ ಮೊದಲ ಸುಳ್ಳು ಅದು.

ಮ್ಯಾನೇಜರ್ ಜೊತೆ ಹನ್ನೊಂದು ಗಂಟೆ ಕಾಲ ರೈಲು ಪ್ರಯಾಣ. ಅಲ್ಲಿ ಆಗಲೇ ಸಿದ್ಧವಾಗಿ ನಿಂತಿದ್ದ ಖಾಲಿ ಶೆಡ್ಡನ್ನು ಕಂಡು ಆಕೆ ಬೆರಗಾದಳು ಅನ್ನುವುದನ್ನು ಮರೆಮಾಚಬಾರದು. ತಗಡಿನ ಚಾವಣಿ ಆಳೆತ್ತರ ಅಲ್ಲ, ಮೂರಾಳೆತ್ತರ. ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗುತ್ತಿತ್ತು. ಉತ್ತರಕ್ಕೆ ಸಾಲು ಕಿಟಕಿ. ಬಣ್ಣ ನೋಡುವವರು ಕನಸಿನಲ್ಲಿ ಕಾಣುವಂಥ ಬೆಳಕು. ಹೆಂಗಸರಿಗೆಂದು ಬೇರೆ ಕಕ್ಕಸು, ಅದಕ್ಕೆ ಚಿಲಕ ಇರುವ ಬಾಗಿಲು. ಊರಿನ ಕಾರ್ಖಾನೆಯ ಕಕ್ಕಸಿಗೆ ಚಿಲಕವಿಲ್ಲದೆ, ಹನ್ನೆರಡು ವರ್ಷದಿಂದ ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕಿತ್ತು.

"ನೀರು ಎಲ್ಲಿ?" ಎಂದು ಕೇಳಿದಳು.

ಮ್ಯಾನೇಜರ್ ನಕ್ಕ. "ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ? ಬನ್ನಿ."

ಹಿಂಭಾಗದಲ್ಲಿ ಕೊಳವೆ ಬಾವಿ. ಬೊಗಸೆಯಲ್ಲಿ ಹಿಡಿದು ಒಂದು ಗುಟುಕು ಬಾಯಿಗೆ ಹಾಕಿಕೊಂಡಳು, ಉಗುಳಿದಳು. ಚೀಲದಲ್ಲಿದ್ದ ಸೋಪಿನ ಚೂರು ತೆಗೆದು ಕೈಗೆ ಉಜ್ಜಿದಳು. ನೊರೆ ಏಳಲಿಲ್ಲ, ಕೈಗೆ ಮೊಸರೊಡೆದ ಹಾಗೆ ಬಿಳಿ ಬಿಳಿ ಅಂಟಿಕೊಂಡಿತು. ಗಡಸು ನೀರು, ಸುಣ್ಣದ ನೀರು. ಮ್ಯಾನೇಜರ್ ಗಡಿಯಾರ ನೋಡಿಕೊಳ್ಳುತ್ತಿದ್ದ. ಆಕೆ ಕಾವಲುಗಾರನಿಂದ ಎರಡು ಕ್ಯಾನು ಕೇಳಿ ತುಂಬಿಸಿಕೊಂಡಳು. ವಾಪಸ್ ಬರುವ ಹನ್ನೊಂದು ಗಂಟೆಯೂ ಅವು ಆಕೆಯ ಕಾಲ ಬಳಿಯೇ ಇದ್ದವು.

ಊರಿಗೆ ಬಂದು ಆ ನೀರಿನಲ್ಲಿ ಒಂದೊಂದೇ ಲಡಿ ಅದ್ದಿದಳು. ಕಪ್ಪು ಬಂತು, ಕಡುನೀಲಿ ಬಂತು. ತಿಳಿಗುಲಾಬಿ ಮಾತ್ರ ಮೈಗೆ ಹುಷಾರಿಲ್ಲದವರ ಹಾಗೆ ಮಂಕಾಗಿ, ಅಲ್ಲಲ್ಲಿ ಕಲೆ ಕಟ್ಟಿ ಬಂತು. ಸುಣ್ಣ ಕಟ್ಟಿಹಾಕುವ ಪುಡಿ ಒಂದು ಚಿಟಿಕೆ ಬೆರೆಸಿದಳು, ಎರಡು ಬೆರೆಸಿದಳು, ಬಿಸಿ ಹೆಚ್ಚು ಮಾಡಿದಳು, ಕಡಿಮೆ ಮಾಡಿದಳು. ಹದಿನೇಳನೇ ಸಲಕ್ಕೆ ಗುಲಾಬಿ ಗುಲಾಬಿಯಾಯಿತು. ಆ ಹದ ಆಕೆಯ ತಲೆಯಲ್ಲಿ ಉಳಿಯಿತು, ಕಾಗದಕ್ಕೆ ಬರಲಿಲ್ಲ. ಹದ ಯಾವತ್ತೂ ಆಕೆ ಬರೆದಿಟ್ಟವಳಲ್ಲ.

ವರದಿಯನ್ನು ಭಾನುವಾರ ಬೆಳಿಗ್ಗೆ ಕೂತು ಬರೆದಳು. ಮೊದಲ ಹಾಳೆಯಲ್ಲಿ ಒಳ್ಳೆಯದು: ಬೆಳಕು, ಗಾಳಿ, ಕರೆಂಟು, ರಸ್ತೆ, ಬಾಗಿಲಿಗೆ ಚಿಲಕ. ಎರಡನೇ ಹಾಳೆಯಲ್ಲಿ ಕೆಟ್ಟದ್ದು: ನೀರು. ಬಾಯ್ಲರ್ ಕೊಳವೆಯೊಳಗೆ ವರ್ಷ ತುಂಬುವುದರೊಳಗೆ ಸುಣ್ಣ ಕಟ್ಟುತ್ತದೆ. ಇಲ್ಲಿನ ನಲವತ್ತಮೂರು ಜನರಲ್ಲಿ ಮಕ್ಕಳು ಮರಿ ಕಟ್ಟಿಕೊಂಡು ಅಲ್ಲಿಗೆ ಬರಬಲ್ಲವರು ನಾಲ್ಕೈದು ಮಂದಿ. ಉಳಿದವರ ಕೈಯಲ್ಲಿರುವ ಕೆಲಸ ಲಾರಿಗೆ ಹೇರಿಕೊಂಡು ಹೋಗುವಂಥದ್ದಲ್ಲ. ಕೊನೆಯಲ್ಲಿ 'ನನ್ನ ಅಭಿಪ್ರಾಯದಲ್ಲಿ ಹೋಗುವುದು ಬೇಡ' ಎಂದು ಬರೆದು, ಅಚ್ಚುಕಟ್ಟಿನ ಹೆಂಗಸು, ಎರಡೂ ಹಾಳೆಯ ಕೆಳಗೆ ಸಹಿ ಹಾಕಿದಳು. ಕಾರ್ಬನ್ ಇಟ್ಟು ಒಂದು ಪ್ರತಿ ತನಗೂ ಉಳಿಸಿಕೊಂಡಳು. ಯಜಮಾನ ಎರಡನ್ನೂ ಓದಿ, "ಇಷ್ಟು ನಿಯತ್ತಾಗಿ ಯಾರೂ ಬರೆಯಲ್ಲ ಅಕ್ಕ" ಎಂದ. ಆ ಮಾತಿನ ಗುಂಗಿನಲ್ಲಿ ಆಕೆ ಎರಡು ವಾರ ಕಳೆದಳು.

ಎರಡು ವಾರ ಕಳೆದ ಮೇಲೆ ಸೋಮವಾರ ಗೇಟಿನ ಒಳಗೆ ನೋಟಿಸ್ ಹಲಗೆಯ ಮುಂದೆ ಗುಂಪು. ಕಾರ್ಖಾನೆ ಮೂರು ತಿಂಗಳಲ್ಲಿ ಪಕ್ಕದ ರಾಜ್ಯಕ್ಕೆ ಹೋಗುತ್ತದೆ. ಬರುವವರು ಹೆಸರು ಕೊಡಬೇಕು, ಬಾರದವರಿಗೆ ಕೊಡಬೇಕಾದ್ದು ಕೊಡಲಾಗುವುದು. ಅದರ ಪಕ್ಕದಲ್ಲಿ, 'ನಿಮ್ಮವರೇ ಹೋಗಿ ನೋಡಿ ಬಂದು ಬರೆದದ್ದು' ಎಂಬ ತಲೆಬರಹದ ಕೆಳಗೆ, ಬಣ್ಣದಕ್ಕನ ಮೊದಲ ಹಾಳೆ. ಬೆಳಕು, ಗಾಳಿ, ಕರೆಂಟು, ರಸ್ತೆ, ಚಿಲಕ. ಸಹಿ.

ಯಾರೂ ಬೈಯಲಿಲ್ಲ. ಗುಂಪು ಆಕೆಗೆ ದಾರಿ ಬಿಟ್ಟಿತು, ಅಷ್ಟೆ. ದಾರ ಸುತ್ತುವ ಯಂತ್ರದ ಹಿರಿಯಳೊಬ್ಬಳು ಮಾತ್ರ, "ನಿನಗೆ ಚಿಲಕ ಸಿಕ್ತಲ್ಲಮ್ಮ, ಸಾಕು ಬಿಡು" ಎಂದಳು.

ಗಾಜಿನ ಕೋಣೆಯ ಬಾಗಿಲನ್ನು ಆಕೆ ತಟ್ಟದೇ ತೆಗೆದಳು. "ಎರಡನೇ ಹಾಳೆ ಎಲ್ಲಿ ಸರ್?"

"ಅದು ನನಗೆ ಬರೆದಿದ್ದಲ್ವಾ ಅಕ್ಕ. ಜನಕ್ಕೆ ಯಾಕೆ? ಧೈರ್ಯ ಹೇಳೋ ಹಾಳೆ ಹಾಕ್ಸಿದೆ."

"ನಾನು ಬೇಡ ಅಂದ್ರೆ ಬೇಡ ಅಂದಿದ್ರಿ."

ಅವನು ಪೆನ್ನಿನ ಮುಚ್ಚಳ ಹಾಕಿದ, ತೆಗೆದ. "ಜಾಗ ಆರು ತಿಂಗಳ ಹಿಂದೆಯೇ ಕೊಂಡಾಗಿತ್ತು. ಇಲ್ಲಿನ ಜಾಗಕ್ಕೂ ಮುಂಗಡ ತಗೊಂಡಾಗಿದೆ, ಮನೆ ಕಟ್ಟಿ ಮಾರೋರ ಹತ್ರ. ನೀವು ನನ್ನ ಸ್ಥಾನದಲ್ಲಿ ಇದ್ದಿದ್ರೆ ಇದನ್ನೇ ಮಾಡ್ತಿದ್ರಿ. ನಿಮಗೆ ಅಲ್ಲಿ ಮನೆ ಕೊಡ್ತೀನಿ, ಸಂಬಳ ಒಂದೂವರೆ ಪಟ್ಟು. ಯೋಚನೆ ಮಾಡಿ."

ಯೋಚನೆ ಮಾಡುವುದೇನಿತ್ತು? ಆಕೆ ಎರಡನೇ ಹಾಳೆಯ ಕಾರ್ಬನ್ ಪ್ರತಿ ತಂದು ಹಲಗೆಗೆ ಅಂಟಿಸಿದಳು. ಮಧ್ಯಾಹ್ನದ ಊಟ ಮುಗಿಯುವುದರೊಳಗೆ ಅದು ಮಾಯವಾಗಿತ್ತು. ಓದಿದ ಕೆಲವರೂ ನಂಬಲಿಲ್ಲ. ಬೆಂಕಿ ಹಚ್ಚಿದವರೇ ನೀರು ಹಿಡಿದು ಓಡಿಬಂದರೆ ಯಾರು ನಂಬುತ್ತಾರೆ?

ತಮ್ಮ ಮಾತ್ರ ನಂಬಿದ. ಅದೇ ಹೆಚ್ಚು ನೋವಾಯಿತು. ಸಂಜೆ ಬಂದವನು ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತು ಕೇಳಿದ. "ನೀನು ಎರಡನೇ ಹಾಳೆ ಬರೆದಿದ್ದೆ, ಒಪ್ತೀನಿ. ನಂಗೆ ಯಾಕೆ ಹೇಳ್ಲಿಲ್ಲ? ಒಂದು ತಿಂಗಳು ಮುಂಚೆ ಗೊತ್ತಾಗಿದ್ರೆ ನಾನು ಬೇರೆ ಕೆಲಸ ಹುಡುಕ್ತಿದ್ದೆ. ನಲವತ್ತಮೂರು ಜನ ಸೇರಿ ಏನಾದ್ರೂ ಮಾಡ್ತಿದ್ವಿ."

"ಹೇಳಬೇಡಿ ಅಂದಿದ್ರು."

"ಅವರು ಅಕ್ಕ ಅಂದ್ರು, ನೀನು ನಿಜವಾಗಲೂ ಅಕ್ಕ ಆಗ್ಬಿಟ್ಟೆ. ನಂಗೆ ಯಾರಾದೆ?"

ಕುರ್ಚಿಯಲ್ಲಿ ಕೂರಿಸಿ ಕೇಳಿದಾಗ ತನಗೆ ಹಿತವಾಗಿತ್ತು ಅನ್ನುವುದನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಅವನು ಹೋದ ಮೇಲೆ ಅಮ್ಮ, "ಏನಂದ?" ಎಂದು ಮೂರು ಸಲ ಕೇಳಿದಳು. "ಏನೂ ಇಲ್ಲ" ಎಂದು ಮೂರು ಸಲ ಕೂಗಿ ಹೇಳಿದಳು.

ಲಾರಿಗಳು ಬಂದವು, ಯಂತ್ರಗಳು ಹೋದವು. ಹೋದವರು ನಾಲ್ಕೇ ಜನ. ಅವರಲ್ಲಿ ತಮ್ಮನೂ ಒಬ್ಬ. ಇಬ್ಬರು ಹೆಣ್ಣುಮಕ್ಕಳ ಶಾಲೆ, ಮನೆ ಬಾಡಿಗೆ; ಸಿಟ್ಟಿನಿಂದ ಒಲೆ ಉರಿಯುವುದಿಲ್ಲ. ಹೆಂಡತಿ ಮಕ್ಕಳನ್ನು ಇಲ್ಲೇ ಬಿಟ್ಟು ಒಬ್ಬನೇ ಹೊರಟ. ಅಕ್ಕನಿಗೆ ಹೇಳಿಹೋಗಲು ಬರಲಿಲ್ಲ. ಬಣ್ಣದಕ್ಕ ಹೋಗಲಿಲ್ಲ. ಪೇಟೆಯಲ್ಲಿ ಗುಂಡಿ, ಲೇಸು, ದಾರ ಮಾರುವ ಅಂಗಡಿಯೊಂದರಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕ ನಿಲ್ಲುವ ಕೆಲಸ ಹಿಡಿದಳು. ಮೊದಲಿನ ಸಂಬಳದ ಅರ್ಧ ಬರುತ್ತಿತ್ತು. ಅಲ್ಲಿ ಆಕೆಯನ್ನು ಯಾರೂ ಬಣ್ಣದಕ್ಕ ಅನ್ನುತ್ತಿರಲಿಲ್ಲ. 'ಏನಮ್ಮ, ಮೇಲಿನ ಡಬ್ಬಿ ಇಳಿಸು' ಅನ್ನುತ್ತಿದ್ದರು.

ಐದು ತಿಂಗಳಿಗೆ ಯಜಮಾನನ ಫೋನು ಬಂತು.

"ಅಕ್ಕ, ಚೆನ್ನಾಗಿದ್ದೀರಾ? ತಿಳಿಬಣ್ಣ ಯಾವುದೂ ಸರಿ ಬರ್ತಾ ಇಲ್ಲ. ಗುಲಾಬಿಯಂತೂ ಎರಡು ಲೋಡು ವಾಪಸ್ ಬಂತು. ನೀರು ಮೆದು ಮಾಡೋ ಯಂತ್ರದವರು ಇವತ್ತು ನಾಳೆ ಅಂತಿದ್ದಾರೆ. ಏನು ಬೆರೆಸಬೇಕು, ಸ್ವಲ್ಪ ಹೇಳಿ."

"ಎರಡನೇ ಹಾಳೆ ಓದಿ ಸರ್."

"ಅದು ಸಾಮಾನು ಸಾಗಿಸುವಾಗ ಎಲ್ಲೋ ಹೋಯ್ತು." ನೊಂದವನ ದನಿಯಲ್ಲಿ ಅವನು ಹೇಳಿದ, "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀರಿನ ವಿಷಯ ನೀವು ಅವತ್ತು ಇನ್ನೂ ಸ್ವಲ್ಪ ಜೋರಾಗಿ ಹೇಳಬೇಕಿತ್ತು."

ಆಕೆ ಫೋನು ಇಟ್ಟಳು. ಅಂಗಡಿಯ ಡಬ್ಬಿಗಳ ಮುಂದೆ ನಿಂತಾಗ ನಗು ಬಂತು. ಹೇಳುವುದಿಲ್ಲ. ಸತ್ತರೂ ಗುಲಾಬಿಯ ಹದ ಹೇಳುವುದಿಲ್ಲ. ಅಷ್ಟಾದರೂ ತನ್ನದು ಎಂದು ಒಂದು ಇರಲಿ.

ಎಂಟನೇ ತಿಂಗಳಿಗೆ ತಮ್ಮ ವಾಪಸ್ ಬಂದ. ಅಲ್ಲಿನವರಿಗೆ ಬಾಯ್ಲರ್ ಕೆಲಸ ಕಲಿಸುವುದು ಮುಗಿದ ತಿಂಗಳೇ ಅವನನ್ನು ಬಿಡಿಸಿದ್ದರು. ಅಲ್ಲಿನ ಸರ್ಕಾರಕ್ಕೆ ಕೊಟ್ಟ ಮಾತಂತೆ, ಅಲ್ಲಿನವರಿಗೇ ಕೆಲಸ ಕೊಡಬೇಕಂತೆ. ಈ ಸಲ ಚಪ್ಪಲಿ ಬಿಟ್ಟು ಒಳಗೆ ಬಂದು, ಗೋಡೆಗೊರಗಿ ಕೂತ. ಕೈಯ ಚರ್ಮ ಸುಣ್ಣಕ್ಕೆ ಬಿರುಕು ಬಿಟ್ಟಿತ್ತು.

"ನೀನು ಬರೆದಿದ್ದೆಲ್ಲ ನಿಜ ಕಣಕ್ಕ," ಎಂದ. "ಒಂದು ಬಿಟ್ಟಿದ್ದೆ. ಅಲ್ಲಿನವರು ನಮ್ಮನ್ನ ನೋಡೋದು, ಅವರ ಅನ್ನ ಕಿತ್ಕೊಳ್ಳೋಕೆ ಬಂದವರ ಹಾಗೆ. ಎಂಟು ತಿಂಗಳಲ್ಲಿ ಒಬ್ಬನೂ ನನ್ನ ಪಕ್ಕ ಕೂತು ಉಣ್ಣಲಿಲ್ಲ."

ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಬಾಯ್ಲರಿಗೆ ಜನ ಬೇಕಾಗಿತ್ತು. ಆದರೆ ಹಿಂದಿನ ಕೆಲಸದ ಪತ್ರ ಬೇಕು ಎಂದರು. ತಮ್ಮ ಕಾರ್ಖಾನೆಗೆ ಎರಡು ಸಲ ಕೇಳಿ ಬರೆದ, ಉತ್ತರ ಬರಲಿಲ್ಲ. ಶುಕ್ರವಾರದ ಒಳಗೆ ತಾರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದರು.

ಬುಧವಾರ ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ ಬಣ್ಣದಕ್ಕ ಯಜಮಾನನಿಗೆ ಫೋನು ಮಾಡಿದಳು.

"ಕೊಡೋಣ ಅಕ್ಕ, ಅದಕ್ಕೇನಂತೆ," ಎಂದ ಅವನು. "ನಿಮ್ಮ ತಮ್ಮ ಅಂದ್ರೆ ನನ್ನ ತಮ್ಮ ಇದ್ದಹಾಗೆ. ಅಂದಹಾಗೆ, ಆ ಗುಲಾಬಿದು..."

ಆಕೆ ಗಲ್ಲಾಪೆಟ್ಟಿಗೆಯ ಮೇಲೆ ಕೈ ಊರಿದಳು. ಪುಡಿಯ ಹೆಸರು ಹೇಳಿದಳು. ಎಷ್ಟು ಎಂದು ಹೇಳಿದಳು. ಯಾವಾಗ ಹಾಕಬೇಕು, ನೀರು ಎಷ್ಟು ಬಿಸಿ ಇರಬೇಕು, ಲಡಿ ಎಷ್ಟು ಹೊತ್ತು ಬಿಡಬೇಕು, ಎಲ್ಲ ಹೇಳಿದಳು. ಅತ್ತ ಕಡೆ ಪೆನ್ನು ಓಡುವ ಸದ್ದು ಕೇಳುತ್ತಿತ್ತು. "ಇನ್ನೊಂದ್ಸಲ ಹೇಳಿ," ಎಂದ. ಇನ್ನೊಂದು ಸಲ ಹೇಳಿದಳು.

ರಾತ್ರಿ ಬಸ್ಸಿನವರ ಕೈಯಲ್ಲಿ ಪತ್ರ ಗುರುವಾರವೇ ಬಂತು. ಬೇಕೆಂದಾಗ ಕೆಲಸ ಎಷ್ಟು ಬೇಗ ಆಗುತ್ತದೆ ನೋಡಿ! ತಮ್ಮ ಮುದ್ರಿತ ಕಾಗದವನ್ನು ಬೆಳಕಿಗೆ ಹಿಡಿದು ಓದಿದ. ಹನ್ನೊಂದು ವರ್ಷ ಶ್ರದ್ಧೆಯಿಂದ ದುಡಿದಿದ್ದಾರೆ, ನಡತೆ ಒಳ್ಳೆಯದು, ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟಿರುತ್ತಾರೆ.

"ಸ್ವಂತ ಇಚ್ಛೆಯಿಂದ," ಎಂದು ಇನ್ನೊಮ್ಮೆ ಓದಿ ಅಕ್ಕನ ಮುಖ ನೋಡಿದ. "ಇದನ್ನ ಹೇಗೆ ಕೊಡ್ಸಿದೆ?"

"ಕೇಳ್ದೆ, ಕೊಟ್ರು," ಎಂದಳು ಬಣ್ಣದಕ್ಕ. ಅದು ತಮ್ಮನಿಗೆ ಹೇಳಿದ ಎರಡನೇ ಸುಳ್ಳು. ಅವನು ನಂಬಿದನೋ ಇಲ್ಲವೋ, ಕಾಗದ ಮಡಿಸಿ ಜೇಬಿಗಿಟ್ಟುಕೊಂಡು ಆಸ್ಪತ್ರೆಯ ಕಡೆ ನಡೆದ.