ಗಾಳಿಯ ದಾರಿ ಕಂಡ ಅಕ್ಕೋರು

ಪದ ಕೇಳುವಾಗ ಅಕ್ಕೋರ ಮೈಯಲ್ಲಿ ಅಲುಗಾಡುತ್ತಿದ್ದದ್ದು ಬಲಗಾಲಿನ ಹೆಬ್ಬೆರಳೊಂದೇ. ಕಣ್ಣು ಮುಚ್ಚಿಕೊಂಡು, ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತುಬಿಡುತ್ತಿದ್ದರು. ತಲೆಯ ಮೇಲಿನ ಬಿಳಿ ಸೆರಗು ಜಾರಿದರೂ ಸರಿಪಡಿಸಿಕೊಳ್ಳುತ್ತಿರಲಿಲ್ಲ. ಹಾಡುವ ಮುದುಕಿಗೆ ಉಸಿರು ಸಾಲದೆ ನಿಂತರೆ ಆ ಹೆಬ್ಬೆರಳೂ ನಿಲ್ಲುತ್ತಿತ್ತು. ಅವಳು ಮತ್ತೆ ಎತ್ತಿಕೊಂಡರೆ ಅದೂ ಎತ್ತಿಕೊಳ್ಳುತ್ತಿತ್ತು.

ಮಕ್ಕಳೇ, ನೀವು ಅವರನ್ನು ಕಂಡಾಗ ತೀರ ಚಿಕ್ಕವರು, ನಿಮಗೆ ನೆನಪಿರಲಾರದು. ನಿಮ್ಮ ತಾತ ತೀರಿಕೊಂಡ ಮೇಲೆ ನಾನು ಮುಕ್ಕುಂದ ಬಿಟ್ಟು ಮಸ್ಕಿಗೆ, ನಿಮ್ಮ ಅವ್ವನ ಮನೆಗೆ ಬಂದೆನಲ್ಲ, ಆಗ ಗೋಡೆಗೆ ಗೋಡೆ ಹತ್ತಿದ ಪಕ್ಕದ ಮನೆ ಅವರದು. ಸರಕಾರಿ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾಗಿದ್ದ ಮುಸ್ಲಿಂ ಹೆಣ್ಣುಮಗಳು. ತಮ್ಮವರು ಬಂದರೆ ದಖ್ಖನಿ ಮಾತಾಡುತ್ತಿದ್ದರು, ನಮ್ಮೊಂದಿಗೆ ನಮ್ಮಂತೆಯೇ ಮಾತಾಡುತ್ತಿದ್ದರು. ಊರೆಲ್ಲ ಅವರನ್ನು ಅಕ್ಕೋರು ಎನ್ನುತ್ತಿತ್ತು. ನಾನೂ ಹಾಗೇ ಅಂದೆ.

ನಿವೃತ್ತಿಯ ಮೇಲೆ ಅವರು ಹಿಡಿದ ಕೆಲಸ ಒಂದೇ. ಬಸ್ಸು ಹತ್ತಿ ಹಳ್ಳಿಗಳಿಗೆ ಹೋಗುವುದು, ಹಳೇ ಮುದುಕಿಯರನ್ನು ಹುಡುಕುವುದು, ಬೀಸುವ ಪದ, ಸೋಬಾನೆ ಪದ, ತೊಟ್ಟಿಲ ಪದ ಹಾಡಿಸಿ ರೆಕಾರ್ಡ್ ಮಾಡಿಕೊಂಡು ಬರುವುದು. ಯಾರು ಹೇಳಿದ್ದೂ ಅಲ್ಲ, ಯಾರಿಗೂ ತೋರಿಸುವುದಕ್ಕೂ ಅಲ್ಲ.

ಒಂದು ಮಧ್ಯಾಹ್ನ ನಾನು ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಬಾಯೊಳಗೇ ಏನೋ ಗುನುಗುತ್ತಿದ್ದೆ. ನಾಲ್ಕು ಜನರೆದುರು ಬಾಯಿ ತೆರೆಯುವ ಹೆಣ್ಣಲ್ಲ ನಾನು. ಮದುವೆ ಮನೆಯಲ್ಲಿ ಕೂಡ ಹಿಂದಿನ ಸಾಲಿನಲ್ಲಿ ಕೂತು ತುಟಿ ಆಡಿಸುತ್ತಿದ್ದವಳು. ಆದರೂ ಗೋಡೆಯಾಚೆಗೆ ಕೇಳಿತು.

"ಯಾರದು ಆ ಪದ?" ಎಂದರು, ಗೋಡೆಯ ಮೇಲಿಂದ ತಲೆ ಎತ್ತಿ.

"ನಂದಲ್ರೀ ಅಕ್ಕೋರೇ. ನಮ್ಮವ್ವಂದು."

"ಅವ್ವ ಅದಾಳೇನು?"

"ಅದಾಳ್ರೀ, ಮುಕ್ಕುಂದದಾಗ. ಕಣ್ಣು ಕಾಣಂಗಿಲ್ಲ."

"ಹಂಗಾರ ಏಳು, ಚಪ್ಪಲಿ ಹಾಕ್ಕೊ."

ಅಕ್ಕಿ ಮೊರದಲ್ಲೇ ಉಳಿಯಿತು. ಅಂದೇ ಹೊರಟೆವು.

ನಿಮ್ಮ ಮುತ್ತಜ್ಜಿ, ಅಂದರೆ ನನ್ನ ಅವ್ವ, ಮೊದಲು ನಕ್ಕಳು. "ಸಾಲಿ ಅಕ್ಕೋರು ನನ್ನ ಪದ ಕೇಳಾಕ ಬಂದಾರ? ಯಾಕವ್ವಾ, ಮಸ್ಕ್ಯಾಗ ರೇಡಿಯೋ ಕೆಟ್ಟಾವೇನು?" ಆಮೇಲೆ ಹಾಡಲು ಹೋದರೆ ಎರಡು ಸೊಲ್ಲು ಮುಗಿಯುವಷ್ಟರಲ್ಲಿ ಪದ ತಪ್ಪಿಹೋಯಿತು. ಮತ್ತೆ ಎತ್ತಿದಳು, ಮತ್ತೆ ತಪ್ಪಿತು. ಅವಳ ಮುಖ ಸಣ್ಣದಾಯಿತು. ಅಕ್ಕೋರು ಎದ್ದು ಹಿತ್ತಲಿಗೆ ಹೋಗಿ, ಮೂಲೆಗೆ ಬಿದ್ದಿದ್ದ ಬೀಸುಗಲ್ಲನ್ನು ನನ್ನ ಕೈಯಿಂದ ಒಳಗೆ ಹೊರಿಸಿ, ಒರೆಸಿ, ಅವ್ವನ ಮುಂದಿಟ್ಟರು. ಅವಳ ಕೈಯನ್ನು ಹಿಡಿದು ಗೂಟದ ಮೇಲಿಟ್ಟರು. ಒಂದು ಹಿಡಿ ಜೋಳ ಸುರಿದರು. ಕಲ್ಲು ತಿರುಗಿದ್ದೇ ತಡ, ಪದ ತಾನಾಗಿ ಬಂತು. ಕೈಗೆ ನೆನಪಿತ್ತು, ಬಾಯಿಗೆ ಇರಲಿಲ್ಲ. ಹೊತ್ತು ಇಳಿಯುವವರೆಗೂ ಅವ್ವ ಹಾಡಿದಳು. ಆ ವರ್ಷ ಚಳಿಗಾಲ ದಾಟಲಿಲ್ಲ, ಹೋದಳು. ಅವಳದೊಂದು ನೆಟ್ಟಗಿನ ಫೋಟೋ ಕೂಡ ನಮ್ಮಲ್ಲಿಲ್ಲ. ಉಳಿದದ್ದು ಅಕ್ಕೋರ ಲ್ಯಾಪ್‌ಟಾಪಿನೊಳಗೆ ಆ ಪದ ಮಾತ್ರ.

ಬೇಸಿಗೆ ಬಂದಾಗ ಆ ಲ್ಯಾಪ್‌ಟಾಪಿಗೂ ಕಾಯಿಲೆ ಹಿಡಿಯಿತು. ಪೆನ್‌ಡ್ರೈವ್ ಚುಚ್ಚುವ ಪಕ್ಕದ ಜಾಗಗಳೆಲ್ಲ ಕೆಟ್ಟವು, ಏನು ಚುಚ್ಚಿದರೂ ಹಿಡಿಯುತ್ತಿರಲಿಲ್ಲ. ಪರದೆಯ ಸಂದಿ ಸಡಿಲಾಗಿ, ಕೂತಲ್ಲಿಂದ ಸ್ವಲ್ಪ ಕದಲಿಸಿದರೂ ಆರಿಹೋಗುತ್ತಿತ್ತು. ಬ್ಯಾಟರಿ ಸತ್ತು ಬಹಳ ದಿನವಾಗಿತ್ತು. ಸಿಂಧನೂರಿನ ಅಂಗಡಿಯವನು ಫೋನಿನಲ್ಲಿ ನೇರವಾಗಿ ಹೇಳಿದ: "ಬಿಚ್ಚಿ ನೋಡ್ತೀನ್ರೀ ಮೇಡಂ. ಒಳಗಿಂದು ಹೋದ್ರ ನಾ ಜವಾಬ್ದಾರ ಅಲ್ಲ."

ಎಷ್ಟೋ ಹಳ್ಳಿಗಳ ಎಷ್ಟೋ ಹೆಂಗಸರು ಒಳಗಿದ್ದರು. ಅರ್ಧಕ್ಕರ್ಧ ಜನ ಆಗಲೇ ಮಣ್ಣು ಸೇರಿದವರು. ಅವರು ಹೊರಗೆ ಬರಲು ಗಾಳಿಯ ದಾರಿಯೊಂದೇ ಉಳಿದಿತ್ತು. ಆ ಅಂಗಡಿಯಲ್ಲೇ ಒಂದು ಡಿಸ್ಕ್ ಡಬ್ಬಿ ಸಿಗುತ್ತದೆಂದು ಅಕ್ಕೋರು ತಿಳಿದುಕೊಂಡರು. ಅದನ್ನು ವೈಫೈ ಡಬ್ಬಿಗೆ ತಂತಿಯಿಂದ ಜೋಡಿಸಿಟ್ಟರೆ, ಲ್ಯಾಪ್‌ಟಾಪಿನೊಳಗಿನದು ತಂತಿಯಿಲ್ಲದೆ, ಗಾಳಿಯಲ್ಲೇ ಹೋಗಿ ಅದರೊಳಗೆ ಕೂಡುತ್ತದಂತೆ. ಬ್ಯಾಕಪ್ ಅನ್ನುತ್ತಾರೆ.

ತಂದರು, ಜೋಡಿಸಿದರು. ಅಕ್ಕೋರು ಒಳಗೆ ನಡುಮನೆಯಲ್ಲಿ ನೆಲದ ಮೇಲೆ ಕೂತು, ಗಿಡ್ಡ ಡೆಸ್ಕಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಳ್ಳುವವರು. ವೈಫೈ ಡಬ್ಬಿ ಹೊರಗೆ ಪಡಸಾಲೆಯಲ್ಲಿ, ನೆಲದ ಹತ್ತಿರ. ಹೊರಗಿನಿಂದ ಬಂದ ತಂತಿ ಅಲ್ಲಿಗೇ ಮುಗಿಯುತ್ತಿತ್ತು, ನಡುಮನೆಗೆ ಮುಟ್ಟುತ್ತಿರಲಿಲ್ಲ. ಪರದೆಯ ಮೇಲೆ ನೀಲಿ ಗೆರೆಯೊಂದು ಹುಟ್ಟಿ, ಇಷ್ಟಿಷ್ಟೇ ಬೆಳೆದು, ಅರ್ಧಕ್ಕೆ ನಿಂತಿತು. ಡಿಸ್ಕ್ ಸಿಗುತ್ತಿಲ್ಲ ಎಂದು ಬಂತು.

ಡಬ್ಬಿ ಕೆಟ್ಟಿರಬೇಕೆಂದು ಅದನ್ನು ಟವೆಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ಸಿಂಧನೂರಿಗೆ ಒಯ್ದೆವು. ಅಕ್ಕೋರ ತೊಡೆಯ ಮೇಲಿದ್ದ ಗಂಟನ್ನು ನೋಡಿ ಪಕ್ಕದ ಹೆಂಗಸು ಅಂದಳು, "ಕೂಸಿಗೆ ಗಾಳಿ ಹತ್ತವಲ್ದು, ಮುಖ ಜರಾ ತೆಗೀರಿ."

"ಮಕ್ಕೊಂಡೈತವ್ವಾ," ಎಂದರು ಅಕ್ಕೋರು. "ಎದ್ರ ಪದ ಹಾಡ್ತೈತಿ."

ಅಂಗಡಿಯಲ್ಲಿ ಡಬ್ಬಿ ಚಕಾಚಕ್ ನಡೆಯಿತು. ಮನೆಗೆ ತಂದು ಹಚ್ಚಿದರೆ ಮತ್ತೆ ಅದೇ ಗೋಳು. ನನಗೆ ಅಳು ಬಂದಿತ್ತು. ಅಕ್ಕೋರು ನಕ್ಕರು. "ನೋಡು, ಇದಕ್ಕ ತವರುಮನ್ಯಾಗ ಆರಾಮ, ಗಂಡನ ಮನಿಗೆ ಬಂದ ಕೂಡ್ಲೇ ಜ್ವರ. ಅಂದ್ರ ತಪ್ಪು ಸೊಸಿದಲ್ಲ, ಈ ಮನ್ಯಾಗ ಏನೋ ಐತಿ."

ಅಲ್ಲಿಂದ ಅವರು ಆ ಏನೋ ಒಂದನ್ನು ಹುಡುಕಿದ ರೀತಿ ನೋಡಬೇಕಿತ್ತು ನೀವು. "ಒಂದು ಸಲಕ್ಕ ಒಂದೇ ಬದಲು ಮಾಡಬೇಕು ತಂಗಿ. ಎರಡು ಮಾಡಿದ್ರ ಯಾವುದರಿಂದ ನೆಟ್ಟಗಾತು ಅನ್ನೋದು ದೇವರಿಗೇ ಗೊತ್ತು," ಎನ್ನುತ್ತಿದ್ದರು. ಒಂದು ದಿನ ಪಾಸ್‌ವರ್ಡ್ ಮಾತ್ರ ಹೊಸದಾಗಿ ಹಾಕಿದರು. ಇನ್ನೊಂದು ದಿನ ವೈಫೈ ಡಬ್ಬಿಯನ್ನು ಆರಿಸಿ ಹಚ್ಚಿದರು. ಯಾರೂ ಮುಟ್ಟದಿದ್ದರೆ ಲ್ಯಾಪ್‌ಟಾಪ್ ತಾನೇ ನಿದ್ದೆಗೆ ಜಾರುತ್ತದಂತೆ, ಮತ್ತೊಂದು ದಿನ ಅದು ಮಲಗದಂತೆ ಮಾಡಿದರು. ಒಂದೊಂದು ಮಾಡಿದಾಗಲೂ ಪೂರ್ತಿ ಕಾದು ನೋಡುತ್ತಿದ್ದರು. ಒಮ್ಮೆ ಮಾತ್ರ ಗೆರೆ ಎಂದಿಗಿಂತ ಸ್ವಲ್ಪ ಮುಂದೆ ನಡೆದಿತ್ತು. ನನ್ನನ್ನು ಪಡಸಾಲೆಯಲ್ಲಿ ಡಬ್ಬಿಯ ಮುಂದೆ ಕೂರಿಸಿ, ದೀಪದ ಬಣ್ಣ ಕೂಗಿ ಹೇಳು ಎನ್ನುತ್ತಿದ್ದರು.

"ಹಸಿರು ಐತ್ರೀ!"

"ಮಿಣುಕಾಕತ್ತೈತೇನು?"

"ಮಿಣುಕಾಕತ್ತೈತ್ರೀ... ಇಲ್ರೀ, ನಿಂತ್ತು!"

ನಿಮ್ಮ ಅವ್ವ ನಗುತ್ತಿದ್ದಳು. "ಯವ್ವಾ, ಅಲ್ಲೇನು ದೇವರ ದೀಪಕ್ಕ ಕಾವಲ ಕುಂತೀ?" ಕಾವಲೇ ಅನ್ನಿಸುತ್ತಿತ್ತು ನನಗೆ. ಲ್ಯಾಪ್‌ಟಾಪಿನ ಪರದೆ ಆಗಾಗ ಕಪ್ಪಾಗಿ, ಬೆಳಗಿ, ಮತ್ತೆ ಕಪ್ಪಾಗುವುದನ್ನು ನೋಡುತ್ತಿದ್ದೆ. ಪ್ರತಿ ಸಲವೂ ಅವ್ವ ಇನ್ನೊಮ್ಮೆ ಸತ್ತಳೇನೋ ಅನ್ನಿಸುತ್ತಿತ್ತು.

ಒಂದು ದಿನ, ಯಾವ ಬದಲಾವಣೆಯೂ ಇಲ್ಲದೆ, ಗೆರೆ ಸರಸರ ಓಡಿತು. ಸಾಕಷ್ಟು ಪದಗಳು ಡಬ್ಬಿಗೆ ಸೇರಿದವು. ಅಷ್ಟರಲ್ಲಿ ಕರೆಂಟು ಹೋಯಿತು. ಮರುದಿನ ಉಳಿದದ್ದನ್ನು ಹಚ್ಚಿದರೆ ಗೆರೆ ಅಲ್ಲಾಡಲಿಲ್ಲ. ಅವ್ವನ ಪದ ಇನ್ನೂ ದಾಟಿರಲಿಲ್ಲ.

ಅಕ್ಕೋರು ಹೊಸ್ತಿಲ ಮೇಲೆ ಕೂತರು. ಆಮೇಲೆ ಸಂಬಂಧವೇ ಇಲ್ಲದ ಒಂದು ಪ್ರಶ್ನೆ ಕೇಳಿದರು.

"ತಂಗಿ, ನಿನ್ನೆ ಡ್ರಮ್ಮಿನ್ಯಾಗ ನೀರು ಎಷ್ಟಿದ್ವು?"

ಬೇಸಿಗೆಯಲ್ಲಿ ಕಾಲುವೆ ಬಂದಾದರೆ ನಮ್ಮ ಓಣಿಗೆ ನಳದ ನೀರು ವಾರಕ್ಕೊಮ್ಮೆ. ಬಂದ ದಿನ ಎಲ್ಲರೂ ಇದ್ದಬದ್ದ ಡ್ರಮ್ಮು ತುಂಬಿಸಿಕೊಳ್ಳುತ್ತಿದ್ದೆವು. ಹೊರಗಿಟ್ಟರೆ ಬಿಸಿಲಿಗೆ ನೀರು ಕುದಿಯುತ್ತದೆಂದು ಒಳಗೇ ಸಾಲಾಗಿ ಇಟ್ಟು, ಹಸಿ ಗೋಣಿಚೀಲ ಸುತ್ತುತ್ತಿದ್ದೆವು. ಅಕ್ಕೋರ ಮನೆಯ ನೀರನ್ನೂ ನಾನೇ ತುಂಬುತ್ತಿದ್ದೆ. ಅವರ ಡ್ರಮ್ಮುಗಳ ಸಾಲು ಇದ್ದದ್ದು ಪಡಸಾಲೆಗೂ ನಡುಮನೆಗೂ ನಡುವೆ.

"ತಳ ಕಂಡಿದ್ವು ರೀ. ಚರಗಿ ಬಡದು ಬಡದು ತೆಗಿಯಾಕತ್ತಿದ್ದೆ. ಇವತ್ತ ನಳ ಬಂತಲ್ರೀ, ಕಂಠಮಟ ತುಂಬೀನಿ."

"ಅದರ ಹಿಂದ ಒಮ್ಮಿ ಜರಾ ನಡದಿತ್ತಲ್ಲ, ಆವತ್ತು?"

ನೆನಪು ಮಾಡಿಕೊಂಡೆ. "ಆವತ್ತೂ ಖಾಲಿನ ರೀ. ನಾ ನಿಮ್ಮ ಕೂಡ ಬೈದಾಡಿದ್ದೆ, ಅರಿವಿ ಒಗ್ಯಾಕ ನೀರಿಲ್ಲ ಅಂತ."

ಅಕ್ಕೋರು ಎದ್ದು ಹೋಗಿ ಒಂದು ಡ್ರಮ್ಮಿನ ಮೈಮೇಲೆ ಅಂಗೈ ಇಟ್ಟು ನಿಂತರು, ಜ್ವರ ಬಂದ ಕೂಸಿನ ಹಣೆ ಮುಟ್ಟುವಂತೆ. "ಇವೇ," ಎಂದರು ಮೆಲ್ಲಗೆ. "ಇವೇ ನುಂಗಾಕತ್ತಾವ."

ನನಗೆ ನಗು ತಡೆಯಲಿಲ್ಲ. "ನೀರು ಪದ ನುಂಗ್ತಾವೇನ್ರೀ ಅಕ್ಕೋರೇ?"

"ನುಂಗ್ತಾವ. ಗಾಳ್ಯಾಗ ಹೋಗೋ ಈ ಸುದ್ದೀನ ಗೋಡಿ ಅರ್ಧನಾರ ಬಿಟ್ಟುಕೊಡ್ತೈತಿ. ನೀರು ಬಿಡಂಗಿಲ್ಲ. ಹೀರಿಬಿಡ್ತೈತಿ. ಹಂಗಂತ ನಾ ಅಂದೆ ಅಂತ ನಂಬಬ್ಯಾಡ. ನೋಡೂಣು."

ಆ ಬೇಸಿಗೆಯಲ್ಲಿ ನೀರು ಚೆಲ್ಲಿ ನೋಡುವ ಮಾತು ಅವರ ಬಾಯಲ್ಲಿ ಬರಲಿಲ್ಲ, ನನ್ನ ಬಾಯಲ್ಲೂ ಬರಲಿಲ್ಲ. ನೀರು ಇದ್ದಲ್ಲೇ ಇರಲಿ, ಪದ ಅದರ ತಲೆಯ ಮೇಲಿಂದ ಹೋಗಲಿ ಎಂದರು. ಪಡಸಾಲೆಯಲ್ಲಿ ಕಬ್ಬಿಣದ ಟ್ರಂಕು ಎಳೆದೆವು. ಅದರ ಮೇಲೆ ಅವರ ಮನೆಯ ಕೌದಿಗಳನ್ನೆಲ್ಲ ಮಡಚಿ ಒಟ್ಟಿದೆವು, ಸಾಲದೆ ನಮ್ಮ ಮನೆಯವೂ ಬಂದವು. ಎಲ್ಲಕ್ಕೂ ಮೇಲೆ ಊಟದ ಮಣೆ, ಮಣೆಯ ಮೇಲೆ ಎರಡೂ ಡಬ್ಬಿ. ಮದುಮಗನನ್ನು ಕುದುರೆ ಹತ್ತಿಸಿದಂತಿತ್ತು.

ಗೆರೆ ಹೊರಟಿತು. ಕಂಠಮಟ ತುಂಬಿದ ಡ್ರಮ್ಮುಗಳು ನಡುವೆ ನಿಂತಿದ್ದ ಹಾಗೇ ಹೊರಟಿತು. ನಾನು ಕೈ ಮುಗಿದುಬಿಟ್ಟೆ. ಆಗ ಅಕ್ಕೋರು ಅಂದರು:

"ಈಗ ಕೆಳಗ ಇಳಿಸು."

"ಯಾಕ್ರೀ? ಹೊಂಟೈತಲ್ರೀ! ಲ್ಯಾಪ್‌ಟಾಪ್ ಯಾವಾಗ ಕಣ್ಣು ಮುಚ್ಚತೈತೋ..."

"ಅದಕ್ಕ. ಇವತ್ತು ನಸೀಬಿಲೆ ನಡದಿದ್ರ ನಾಳಿಗೆ ನಿಲ್ತೈತಿ. ನಾ ಇಲ್ಲದಾಗ ನಿಲ್ತೈತಿ. ಇಳಿಸು."

ಇಳಿಸಿದೆ. ಗೆರೆ ನಿಂತಿತು. "ಈಗ ಏರಿಸು." ಏರಿಸಿದೆ. ಗೆರೆ ನಡೆಯಿತು. ಅಕ್ಕೋರು ಉಸಿರು ಬಿಟ್ಟು, "ಈಗ ತಸಲ್ಲಿ ಆತು, ಸಮಾಧಾನ ಆತು," ಎಂದರು.

ಮಕ್ಕಳೇ, ಆ ಸಂಜೆ ನಾನು ಪಡಸಾಲೆಗೂ ನಡುಮನೆಗೂ ನಡುವೆ, ಡ್ರಮ್ಮುಗಳ ಪಕ್ಕ, ಸುಮ್ಮನೆ ಕೈ ಚಾಚಿ ನಿಂತಿದ್ದೆ. ನನ್ನ ಬೆರಳ ಸಂದಿಯಲ್ಲೇ ಸತ್ತ ಹೆಂಗಸರೆಲ್ಲ ಹಾಡುತ್ತ ದಾಟುತ್ತಿದ್ದರು. ಏನೂ ಕಾಣಲಿಲ್ಲ, ಏನೂ ತಾಗಲಿಲ್ಲ. ಕಾಣದ್ದನ್ನು ಒಬ್ಬ ಹೆಣ್ಣುಮಗಳು ಹೊಸ್ತಿಲ ಮೇಲೆ ಕೂತು, ಬರೀ ಯೋಚನೆಯಿಂದ ಕಂಡಿದ್ದಳು. ಅಂಥದ್ದನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಗೆರೆ ತುಂಬಿತು. ಸಿಹಿ ಮಾಡಲೇ ಎಂದು ಕೇಳಿದೆ. "ಇನ್ನೂ ಇಲ್ಲ. ಕಳಿಸಿದ್ದು ವಾಪಸ್ ಬಂದ ಮ್ಯಾಲೆ," ಎಂದರು. ತಮ್ಮ ಫೋನಿನಿಂದ ಆ ಡಬ್ಬಿಯೊಳಗೆ ಹೊಕ್ಕು, ಹುಡುಕಿ, ಒಂದನ್ನು ಒತ್ತಿ ನನ್ನ ಕೈಗೆ ಕೊಟ್ಟರು. ಮೊದಲು ಕಲ್ಲು ತಿರುಗಿದ ಸದ್ದು ಬಂತು. ಆಮೇಲೆ ಅವ್ವ. ನಡುವೆ ಒಂದು ಕಡೆ ಅವಳು ಮರೆತು ತಡೆದಾಗ, ಹಿಂದಿನಿಂದ ಸಣ್ಣ ದನಿಯೊಂದು ಮುಂದಿನ ಸೊಲ್ಲು ಎತ್ತಿಕೊಟ್ಟಿತು. ನನ್ನದೇ ದನಿ. ಅದು ಅದರೊಳಗಿದೆಯೆಂದು ನನಗೆ ಗೊತ್ತೇ ಇರಲಿಲ್ಲ.

ಕೆಲವು ದಿನ ಕಳೆದು ಲ್ಯಾಪ್‌ಟಾಪ್ ಪೂರ್ತಿ ಕಣ್ಣು ಮುಚ್ಚಿತು. ಗಾಬರಿಯಿಂದ ಓಡಿಹೋದೆ. ಅಕ್ಕೋರು ಸ್ಟೋವಿನ ಮುಂದಿದ್ದರು. "ಹೋಗೈತಿ ಬಿಡು. ಒಳಗಿನವರು ಆಗಲೇ ಮನಿ ಬದಲ ಮಾಡ್ಯಾರ. ಚಾ ಕುಡಿ," ಎಂದರು.

ಹೊಸ ಲ್ಯಾಪ್‌ಟಾಪ್ ಬಂದಾಗ ಎಲ್ಲವನ್ನೂ ಡಬ್ಬಿಯಿಂದ ಅದಕ್ಕೆ ಇಳಿಸಿದ್ದು ನನ್ನ ಕೈಯಿಂದ. ನಾನು ಹಿಂದೆ ಸರಿದಿದ್ದೆ. "ನಾ ಹಳ್ಳಿ ಸಾಲ್ಯಾಗ ಐದನೇತ್ತ ಕಲ್ತಾಕಿ ರೀ."

"ನಾನೂ ಐದನೇತ್ತದಾಗ ಇದನ್ನ ಕಲ್ತಿದ್ದಿಲ್ಲ. ಒತ್ತು."

ಒತ್ತಿದೆ. ಅಂದಿನಿಂದ ಪ್ರತಿ ಶುಕ್ರವಾರ, ಅವರ ನಮಾಜು ಮುಗಿದ ಮೇಲೆ, ಡಬ್ಬಿಯಿಂದ ಒಬ್ಬ ಮುದುಕಿಯನ್ನು ಕರೆಸಿ ಪೂರ್ತಿ ಕೇಳುವುದು ನಮ್ಮಿಬ್ಬರ ರೂಢಿಯಾಯಿತು. ಇಟ್ಟದ್ದು ಇದೆಯೆಂದು ನಂಬಿ ಕೂರಬಾರದು, ಕರೆದು ನೋಡಬೇಕು ಎನ್ನುವುದು ಅವರ ಮಾತು. ಮುಂದೆ ಕಾಯಿಲೆಬಿದ್ದು ಲಿಂಗಸುಗೂರಿನ ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಅವರ ಫೋನು ಬರುತ್ತಿತ್ತು. ತಮ್ಮ ಕಾಯಿಲೆಯ ಮಾತಿಲ್ಲ. "ಇವತ್ತು ಯಾರನ್ನ ಕರದಿ?" ಅಷ್ಟೇ. ನಾನು ಹೆಸರು ಹೇಳುತ್ತಿದ್ದೆ. "ಆಕಿ ಭಾಳ ಕಿಲಾಡಿ ಇದ್ಲು," ಎಂದು ನಗುತ್ತಿದ್ದರು. ನಗುವಾಗ ಕೆಮ್ಮು ಬರುತ್ತಿತ್ತು. ಒಂದು ಶುಕ್ರವಾರ ಫೋನು ಬರಲಿಲ್ಲ. ಮಧ್ಯಾಹ್ನದ ಮೇಲೆ ಅವರನ್ನೇ ಮನೆಗೆ ತಂದರು.

ಡಬ್ಬಿ ನನ್ನ ಹತ್ತಿರ ಇರಲಿ ಎಂದು ಮೊದಲೇ ತಮ್ಮವರಿಗೆ ಹೇಳಿಟ್ಟಿದ್ದರು. ಈಗ ಅದು ನಮ್ಮ ಮನೆಯ ಗೋಡೆಯ ಮಾಡದಲ್ಲಿದೆ, ಡ್ರಮ್ಮುಗಳಿಗಿಂತ ಎತ್ತರದಲ್ಲಿ.

ಹೋದ ತಿಂಗಳು ಲಿಂಗಸುಗೂರು ಕಡೆಯ ಹಳ್ಳಿಯಿಂದ ಒಬ್ಬ ಹೆಣ್ಣುಮಗಳು ಕೇಳುತ್ತ ಕೇಳುತ್ತ ನಮ್ಮ ಬಾಗಿಲಿಗೆ ಬಂದಳು. ಅವಳ ಅವ್ವ ಯಾವಾಗಲೋ ಅಕ್ಕೋರಿಗೆ ಹಾಡಿದ್ದಳಂತೆ, ಈಗ ಇಲ್ಲ. ನಾನು ಕೂರಿಸಿದೆ, ನೀರು ಕೊಟ್ಟೆ, ಊರಿನ ಹೆಸರು ಕೇಳಿ ಹುಡುಕಿದೆ, ಒತ್ತಿದೆ. ತೊಟ್ಟಿಲ ಪದ. ಒಂದು ಸೊಲ್ಲು ಕೇಳಿದ್ದೇ, ಅವಳು ನನ್ನೆರಡೂ ಕೈ ಹಿಡಿದುಕೊಂಡು ಅತ್ತಳು. "ನಿಮ್ಮ ಪುಣ್ಯೇವ್ರೀ ಅಕ್ಕೋರೇ, ನಿಮ್ಮ ಪುಣ್ಯೇವ," ಎಂದಳು.

ನಾನಲ್ಲವ್ವಾ ಎಂದು ಹೇಳಲು ಬಾಯಿ ತೆರೆದೆ. ಅವಳ ಅವ್ವ ಇನ್ನೂ ಹಾಡುತ್ತಿದ್ದಳು. ಪದ ಮುಗಿಯಲಿ, ಆಮೇಲೆ ಹೇಳೋಣವೆಂದು ಸುಮ್ಮನೆ ಕೂತೆ.