ತಿದಿ ನಿಂತಾಗ

ಸಾವಿರದ ಒಂಬೈನೂರ ಮೂವತ್ತಾರರಲ್ಲಿ ನಾನು ಕಣಕಟ್ಟೆಯ ಶಾಲೆಗೆ ಮೇಷ್ಟ್ರಾಗಿ ಹೋದಾಗ ಊರಿನವರು ಮೊದಲ ದಿನವೇ ಎರಡು ಸಂಗತಿ ಹೇಳಿದರು. ಕಮ್ಮಾರ ಕಾಳಾಚಾರಿಯಂಥ ಕೈ ಸುತ್ತ ಹತ್ತು ಹಳ್ಳಿಯಲ್ಲಿಲ್ಲ. ಅವನ ಹೆಂಡತಿ ಕಾಂತಮ್ಮನಂಥ ಸೋಮಾರಿಯೂ ಇಲ್ಲ. ಎರಡನ್ನೂ ನಂಬಿದೆ. ಓದಿದವರು ಊರ ಮಾತಿಗೆ ಕಿವಿಗೊಡುವುದಿಲ್ಲ ಅನ್ನುತ್ತಾರೆ. ಸುಳ್ಳು, ಎಲ್ಲರಿಗಿಂತ ಮೊದಲು ನಂಬುವವರು ನಾವೇ.

ಕುಲುಮೆ ಶಾಲೆಯ ಪಕ್ಕದಲ್ಲೇ ಇತ್ತು. ಶಾಲೆಗೆ ಗಂಟೆ ಇರಲಿಲ್ಲ. ಅರಸೀಕೆರೆಯಿಂದ ಗಾಡಿಯಲ್ಲಿ ಬಂದ ರೈಲು ಕಂಬಿಯ ತುಂಡೊಂದನ್ನು ಹಗ್ಗ ಕಟ್ಟಿ ತೂಗುಹಾಕಿದ್ದೆವು. ಅದನ್ನು ಆರಿಸಿಕೊಟ್ಟವನು ಕಾಳಾಚಾರಿಯೇ. ಬೆರಳ ಗೆಣ್ಣಿನಿಂದ ತಟ್ಟಿ, ಕಿವಿ ಹತ್ತಿರ ಹಿಡಿದು, "ಇದು ಉಕ್ಕು" ಅಂದಿದ್ದ. ಬಿಡುವಿದ್ದಾಗ ನಾನು ಹೋಗಿ ಕೂತರೆ ನನಗೂ ಪಾಠ ಹೇಳುತ್ತಿದ್ದ.

"ಗಾಣದ ಚಕ್ರ ಐತಲ್ಲ, ಅದು ಬೀಡುಕಬ್ಬಿಣ. ಮುರೀತದೆ, ಬಗ್ಗಲ್ಲ. ಗಾಡಿ ಚಕ್ರದ ಪಟ್ಟಿ ಮೆತ್ತನೆ ಕಬ್ಬಿಣ. ಬಗ್ತದೆ, ಮುರಿಯಲ್ಲ, ಆದ್ರೆ ಅಲಗು ನಿಲ್ಲಲ್ಲ. ಹದ ಅಂತ ಒಂದಿರೋದು ಉಕ್ಕಿಗೆ ಮಾತ್ರ ಮೇಷ್ಟ್ರೇ."

ಆ ಹದ ಕೊಡುವುದನ್ನು ನೋಡಲು ಊರಿನವರೇ ಬಂದು ಕೂರುತ್ತಿದ್ದರು. ಕುಡುಗೋಲನ್ನು ಕೆಂಪಗೆ ಕಾಯಿಸಿ ನೀರಿಗದ್ದಿದರೆ ಉಕ್ಕು ಗಾಜಿನಷ್ಟು ಗಡುಸಾಗುತ್ತದೆ, ಕಲ್ಲಿಗೆ ತಾಗಿದರೆ ಸಿಡಿಯುತ್ತದೆ. ಅದಕ್ಕೆ ಇಟ್ಟಿಗೆ ಚೂರಿನಿಂದ ಬೆಳ್ಳಗೆ ಉಜ್ಜಿ, ಮತ್ತೆ ಕೆಂಡದ ಮೇಲೆ ಸಣ್ಣಗೆ ಕಾಯಿಸಬೇಕು. ಆಗ ಅಲಗಿನ ಮೇಲೆ ಬಣ್ಣ ಓಡುತ್ತದೆ: ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಬದನೆಕಾಯಿಯದು, ಆಮೇಲೆ ನವಿಲಿನ ಕತ್ತಿನ ನೀಲಿ. ಬೇಕಾದ ಬಣ್ಣ ಬಂದ ಗಳಿಗೆಯಲ್ಲೇ ನೀರಿಗೆ ಹಾಕಬೇಕು. ಉಸಿರು ಬಿಡುವಷ್ಟು ತಡವಾದರೂ ಅಲಗು ಮೆತ್ತಗಾಗಿ ಕೆಟ್ಟಿತು.

ಸರಿಯಾಗಿ ಅದೇ ಹೊತ್ತಿಗೆ ಕಾಂತಮ್ಮ ಕೆಂಡಕ್ಕೆ ಗಾಳಿಯೂದುವ ಚರ್ಮದ ತಿದಿ ಒತ್ತುವುದನ್ನು ನಿಲ್ಲಿಸಿಬಿಡುತ್ತಿದ್ದಳು. ಗಾಳಿ ನಿಂತದ್ದೇ ಕಾಳಾಚಾರಿ ಇಕ್ಕಳ ಎತ್ತಿ ನೀರಿಗದ್ದುತ್ತಿದ್ದ. "ಗಂಡ ಬೆವರು ಸುರಿಸ್ತಾನೆ, ಇವಳು ಕೂತಲ್ಲೇ ತೂಕಡಿಸ್ತಾಳೆ" ಎಂದು ಜನ ನಗುತ್ತಿದ್ದರು. ತೋಟದ ಷಡಕ್ಷರಪ್ಪನಂತೂ ಎದುರಿಗೇ ಅನ್ನುತ್ತಿದ್ದ. ಆಕೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು.

ಮರುವರ್ಷ ನಮ್ಮ ಮನೆಯ ಈಳಿಗೆಮಣೆಗೆ ಹೊಸ ಅಲಗು ಬೇಕಾಯಿತು. ಮೋಟಾರು ಬಸ್ಸಿನ ಹಳೆಯ ಸ್ಪ್ರಿಂಗ್ ಪಟ್ಟಿ ಕೊಟ್ಟೆ. ಹದದ ಹೊತ್ತಿಗೆ ಷಡಕ್ಷರಪ್ಪ ಎಂದಿನಂತೆ ಕಾಂತಮ್ಮನನ್ನು ಚುಚ್ಚಿದ. ನನಗೆ ಪರೋಪಕಾರದ ಹುಚ್ಚು ಹಿಡಿಯಿತು. "ಏಳಿ ಕಾಂತಮ್ಮ, ನಾನು ಒತ್ತುತ್ತೇನೆ" ಎಂದು ತಿದಿಯ ಮುಂದೆ ಕೂತುಬಿಟ್ಟೆ. ಆಕೆ ಎರಡು ಸಲ ಕೆಮ್ಮಿದಳು. ಷಡಕ್ಷರಪ್ಪನ ಕಡೆ ನೋಡಿ ಬಾಯಿ ಮುಚ್ಚಿಕೊಂಡಳು. ನಾನು ಭೀಮನಂತೆ ಒತ್ತಿದೆ, ತೋಳು ಸೋತಾಗ ನಿಲ್ಲಿಸಿದೆ. ಕಾಳಾಚಾರಿ ಆಗ ಅಲಗನ್ನು ನೀರಿಗದ್ದಿದ.

ಮಾರನೆಯ ದಿನ ಮೊದಲ ಕುಂಬಳಕಾಯಿಗೇ ಅಲಗಿನ ಅಂಚು ಮಡಚಿಕೊಂಡಿತು. ನನ್ನ ಸಿಟ್ಟು ನೆತ್ತಿಗೇರಿತು. ನೆಟ್ಟಗೆ ಕುಲುಮೆಗೆ ಹೋಗಿ, ಅಲಗನ್ನು ಕಾಳಾಚಾರಿಯ ಮೂಗಿಗೆ ಹಿಡಿದು, "ಏನಯ್ಯ ಇದು?" ಅಂದೆ.

ಅವನು ನನ್ನ ದನಿ ಬಂದ ಕಡೆ ಮುಖ ತಿರುಗಿಸಿ, "ಏನು ತಂದಿದ್ದೀರಿ ಮೇಷ್ಟ್ರೇ?" ಅಂದ.

ಅವನ ಎರಡೂ ಕಣ್ಣಿಗೆ ಬೆಳ್ಳಗೆ ಪೊರೆ ಬಂದಿತ್ತು. ದಿನವೂ ನೋಡುತ್ತಿದ್ದವನು ನಾನು ಅಂದು ನೋಡಿದೆ. ಕಾಂತಮ್ಮ ಬಾಗಿಲು ಮುಂದೆ ಮಾಡಿ ಬಂದಳು.

"ನಾಕು ವರ್ಷ ಆಯ್ತು ಮೇಷ್ಟ್ರೇ. ಬಣ್ಣ ನಾನು ನೋಡ್ತೀನಿ. ತಿದಿ ನಿಲ್ಲಿಸಿದ್ರೆ ಇವ್ರಿಗೆ ಗೊತ್ತಾಯ್ತದೆ. ಹೊರಗೆ ಅನ್ಬೇಡಿ. ಸುಗ್ಗೀಲಿ ಊರೋರು ಕೆಲಸಕ್ಕೆ ಕೊಡೋ ಆಯದ ರಾಗಿ ನಿಂತೋದ್ರೆ ಹೋಗ್ಲಿ, ಕುರುಡಾಚಾರಿ ಅಂದ್ರೆ ಇವ್ರು ಬದುಕಲ್ಲ."

ನನಗೆ ನಾಚಿಕೆಯಾಯಿತು. ಬೇರೆ ಮಾಡಿಕೊಡುತ್ತೇವೆಂದರೂ ಬೇಡವೆಂದು ಆ ಅಲಗನ್ನು ಪಂಚೆಯ ತುದಿಯಲ್ಲಿ ಸುತ್ತಿಕೊಂಡು ಬಂದೆ. ಯಾರಿಗೂ ಹೇಳುವುದಿಲ್ಲವೆಂದು ಭಾಷೆ ಕೊಟ್ಟಿದ್ದೆ.

ನಲವತ್ತೊಂದರಲ್ಲಿ ಕಾಳಾಚಾರಿ ತೀರಿಕೊಂಡ. ಮಕ್ಕಳಿರಲಿಲ್ಲ. ಹಳೇಬೀಡಿನಿಂದ ಅವನ ಅಣ್ಣನ ಮಗ ಬಂದು ಕರೆದ, ಕಾಂತಮ್ಮ ಹೋಗಲಿಲ್ಲ. ಹೆಂಗಸು ತಿದಿ ಒತ್ತಬಹುದು, ಸುತ್ತಿಗೆ ಹಿಡಿಯಬಾರದು ಅನ್ನುವುದು ಊರಿನ ಕಟ್ಟಳೆ. ಜನ ಕುಡುಗೋಲಿಗೆ ಅರಸೀಕೆರೆ ಸಂತೆಗೆ ಹೋಗತೊಡಗಿದರು. ಯುದ್ಧದ ಕಾಲ, ಅಲ್ಲಿ ಸಿಗುತ್ತಿದ್ದದ್ದು ಹದವಿಲ್ಲದ ಸರಕು. ಆದರೂ ಅದೇ ಆದೀತೆಂದರು, ಕಾಂತಮ್ಮನ ಬಾಗಿಲು ಯಾರೂ ತುಳಿಯಲಿಲ್ಲ.

ಶಾಲೆ ಬಿಟ್ಟ ಮೇಲೆ ನಾನೊಬ್ಬನೇ ಕೂತಾಗ ಪಕ್ಕದಿಂದ ತಿದಿಯ ಸದ್ದು ಬರುತ್ತಿತ್ತು. ಒಂದು ದಿನ ಹೋಗಿ ನೋಡಿದೆ. ಬೆಂಕಿಯಿಲ್ಲ, ಕೆಂಡವಿಲ್ಲ. ಆಕೆ ಬರಿಯ ಬೂದಿಗೆ ಗಾಳಿ ಒತ್ತುತ್ತಿದ್ದಳು.

"ಸುಮ್ನೆ ಬಿಟ್ರೆ ಚರ್ಮ ಒಣಗಿ ಬಿರೀತದೆ" ಅಂದಳು.

ಮುಂದಿನ ವರ್ಷ ರಾಗಿ ಕೊಯ್ಲಿಗೆ ಮೊದಲು ಆಕೆ ಒಂದು ಕುಡುಗೋಲು ತಂದು ನನ್ನ ಮೇಜಿನ ಮೇಲಿಟ್ಟಳು. ತಾನೇ ಬಡಿದು, ತಾನೇ ಹದ ಕೊಟ್ಟದ್ದು. "ಯಾರಾದ್ರೂ ಒಬ್ರು ತಗೊಳ್ಳೋ ಹಂಗೆ ಮಾಡಿ ಮೇಷ್ಟ್ರೇ. ನಾನು ಮಾಡಿದ್ದು ಅಂತ ಹೇಳಿಯೇ ಕೊಡಿ. ಒಬ್ರು ತಗೊಂಡ್ರೆ ಸಾಕು, ಕುಲುಮೆ ಹತ್ತಿಸ್ತೀನಿ."

ನಾನು ಅದನ್ನು ಷಡಕ್ಷರಪ್ಪನಿಗೆ ಕೊಟ್ಟೆ. ಆಕೆ ಮಾಡಿದ್ದೆಂದು ಹೇಳಹೊರಟೆ. ಇವನು ನಕ್ಕು ಬಿಸಾಡಿದರೆ ಎಂದು ಹೆದರಿ, "ಕಾಳಾಚಾರಿ ಮಾಡಿಟ್ಟದ್ದು, ಅಟ್ಟದಲ್ಲಿ ಸಿಕ್ಕಿತಂತೆ" ಎಂದೆ. ಉಪಕಾರ ಮಾಡಿದೆನೆಂದೇ ತಿಳಿದೆ.

ಕೊಯ್ಲು ಮುಗಿದ ಮೇಲೆ ಷಡಕ್ಷರಪ್ಪ ಎರಡು ತೆಂಗಿನಕಾಯಿ ಹಿಡಿದು, ನನ್ನನ್ನೂ ಕರೆದುಕೊಂಡು ಆಕೆಯ ಮನೆಗೆ ಬಂದ. ಅವನ ಕಣ್ಣು ನಿಜವಾಗಿ ಒದ್ದೆಯಾಗಿತ್ತು.

"ಎರಡೆಕರೆ ಕೊಯ್ದಿವ್ನಿ ಕಾಂತಮ್ಮ, ಒಂದ್ಸಲ ಮಸೆದಿಲ್ಲ. ನಿನ್ನ ಗಂಡನ ಕೈ ಹದ ಇನ್ಯಾರಿಗೂ ಬರಲ್ಲ ಬಿಡು. ಅಷ್ಟು ವರ್ಷ ಅವ್ನ ಪಕ್ಕದಲ್ಲೇ ಕೂತಿದ್ದೋಳು, ನೀನಾದ್ರೂ ನೋಡಿ ಕಲೀಬಾರ್ದಿತ್ತಾ?"

ಕಾಂತಮ್ಮ ನನ್ನ ಮುಖ ನೋಡಿದಳು. ಆಗಲಾದರೂ ನಾನು ಹೇಳಬಹುದಿತ್ತು. ಕೊಟ್ಟ ಭಾಷೆಯನ್ನು ನೆನಪು ಮಾಡಿಕೊಂಡು ತಲೆ ತಗ್ಗಿಸಿದೆ. ಹೇಡಿಗೆ ಭಾಷೆಯೇ ಒಳ್ಳೆಯ ನೆಪ. ಆಕೆ ಕುಡುಗೋಲಿನ ಅಂಚನ್ನು ಹೆಬ್ಬೆರಳಿನಿಂದ ಸವರಿ ವಾಪಸು ಕೊಟ್ಟಳು.

"ಹೂಂ ಕಣಣ್ಣ. ಅವ್ರ ಕೈ ಅವ್ರಿಗೇ."

ಅದೇ ವಾರ ಹಳೇಬೀಡಿಗೆ ಹೊರಟಳು. ತಿದಿಯ ಚರ್ಮ ಬಿಚ್ಚಿ ಸುರುಳಿ ಸುತ್ತಿ ಅಟ್ಟಕ್ಕೆ ಹಾಕಿದ್ದಳು. ನನಗೆ ಹೇಳಿ ಹೋಗಲಿಲ್ಲ. ಸಂಜೆಯ ಶಾಲೆ ಆಮೇಲೆ ಬಹಳ ಮೌನವಾಯಿತು. ಆ ಕುಡುಗೋಲನ್ನು ನಾನೇ ತೆಗೆದುಕೊಳ್ಳಬಹುದಿತ್ತಲ್ಲ, ನಾನೂ ಊರಿನವನೊಬ್ಬ ತಾನೇ ಎಂಬ ಮಾತು ಹೊಳೆದದ್ದು ಆ ಮೌನದಲ್ಲಿ.

ನಲವತ್ತೈದರಲ್ಲಿ ಹಳೇಬೀಡಿಗೆ ಹೋದೆ. ಅಂಚು ಮಡಚಿದ ಆ ಈಳಿಗೆ ಅಲಗನ್ನು ಪಂಚೆಯ ತುದಿಯಲ್ಲೇ ಸುತ್ತಿಕೊಂಡು ಹೋಗಿದ್ದೆ. ಕಾಂತಮ್ಮ ಜಗುಲಿಯಲ್ಲಿ ಒಬ್ಬಳೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಮನೆಯವರೆಲ್ಲ ಕೇಳುವಂತೆ ಗಟ್ಟಿಯಾಗಿ ಅಂದೆ, "ಇದಕ್ಕೆ ಹದ ನೀವೇ ಕೊಡಬೇಕು ಕಾಂತಮ್ಮ. ಕಾಳಾಚಾರಿ ಇದ್ದಾಗಲೂ ಕೊಡುತ್ತಿದ್ದವರು ನೀವೇ."

ಒಳಗೆ ಯಾರೋ ನಕ್ಕರು. ಆಕೆ ಅಲಗನ್ನು ತೆಗೆದುಕೊಂಡು, ಉಗುರಿನಿಂದ ತಟ್ಟಿ, ಕಿವಿಯ ಹತ್ತಿರ ಹಿಡಿದು ಕೇಳಿದಳು.

"ಒಳ್ಳೆ ಉಕ್ಕು" ಅಂದಳು. ಅದನ್ನು ನನ್ನ ಕೈಗೆ ಹಿಂದಕ್ಕೆ ಕೊಟ್ಟಳು. "ಅಲ್ಲಿದ್ದಾಗ ಕೇಳ್ಬೇಕಾಗಿತ್ತು ಮೇಷ್ಟ್ರೇ. ಇಲ್ಲಿ ತಿದಿ ಇಲ್ಲ."