ತಂತಿ ಎತ್ತಿನ ಸುಳಿ

ಎದುರಿಗೆ ಯಾರೂ ಇಲ್ಲದಿದ್ದರೂ ವಾದ ಹೂಡುವುದು ನನ್ನ ಚಟ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳಲ್ಲಿ ಅವ್ವ ಈಗ ಜೀರಿಗೆ, ಸಾಸಿವೆ ತುಂಬಿಟ್ಟಿದ್ದಾಳೆ. ನನ್ನ ಮಾತು ಮನೆಗೆ ಉಪಯೋಗವಾದದ್ದು ಅಷ್ಟೇ ಎಂಬುದು ಅವಳ ಪ್ರತಿವಾದ.

ಶಹಾಪುರದಲ್ಲಿ ಮೋಟಾರ್ ವೈಂಡಿಂಗ್ ಮಾಡುವ ಚಾಂದಸಾಬ್ ಚಾಚಾ ಪರಿಚಯವಾದದ್ದೂ ಜಗಳದಿಂದಲೇ. ಸುಟ್ಟ ಮೋಟಾರುಗಳ ತಾಮ್ರದ ತಂತಿಯಿಂದ ಅವರು ಪ್ರಾಣಿಗಳನ್ನು ಮಾಡುತ್ತಾರೆ: ಮೇಕೆ, ಒಂಟೆ, ಮುನಿಸಿಕೊಂಡ ಬೆಕ್ಕು. ಒಂದು ಪ್ರಾಣಿಗೆ ಒಂದೇ ತಂತಿ, ಎಲ್ಲೂ ಬೆಸುಗೆ ಇಲ್ಲ ಎಂಬುದು ಅವರ ಹೆಮ್ಮೆ.

"ಹಂಗಾದ್ರ ತಂತಿ ತುದಿ ತೋರಸ್ರಿ," ಎಂದೆ.

"ನೀನೇ ಹುಡುಕು ಬೇಟಿ."

ಬೆಕ್ಕನ್ನು ಒಂದು ತಾಸು ತಿರುವಿ ನೋಡಿದೆ. ಸಿಗಲಿಲ್ಲ. ಸಿಗದ ಮಾತ್ರಕ್ಕೆ ನಿಮ್ಮ ಮಾತು ಸಿದ್ಧವಾಗುವುದಿಲ್ಲ ಎಂದು ತರ್ಕ ಹೇಳಿ ಎದ್ದುಬಂದೆ. ಆದರೂ ಸೋತಿದ್ದೆ. ಕಲ್ಲಿನ ಶಿಲ್ಪಿ ಕೆತ್ತಿ ತೆಗೆಯುತ್ತಾನೆ, ಕುಂಬಾರ ಮೆತ್ತಿ ಸೇರಿಸುತ್ತಾನೆ. ಚಾಚಾ ಬರೀ ಗಾಳಿಗೆ ಬೇಲಿ ಹಾಕುತ್ತಾರೆ. ಆ ಬೇಲಿಯೊಳಗಿನ ಗಾಳಿ ನನ್ನ ಮೇಲೆ ಮುನಿಸಿಕೊಳ್ಳುವುದೆಂದರೇನು?

ಸಗರದ ನನ್ನ ಸೋದರಮಾವ ಟ್ರ್ಯಾಕ್ಟರ್ ತಂದು ಎತ್ತು ಮಾರಿದ ಮೇಲೆ ಮಂಕಾಗಿದ್ದರು. ತಂತಿಯದೊಂದು ಎತ್ತು ಮಾಡಿಸಿಕೊಳ್ಳಿ ಎಂದು ಒಪ್ಪಿಸಿದವಳು ನಾನೇ. ಚಾಚಾ ಇಪ್ಪತ್ತು ದಿನ ಮೋಟಾರುಗಳನ್ನು ಬದಿಗಿಟ್ಟು ಎತ್ತು ಹೆಣೆದರು.

ಮಾವ ಬಂದರು. ಕೊಂಬು ನೋಡಲಿಲ್ಲ, ಮುಖ ನೋಡಲಿಲ್ಲ. ದನದ ಸಂತೆಯಲ್ಲಿ ಕೂದಲ ಸುಳಿ ಹುಡುಕುವವರಂತೆ ಬೆನ್ನ ಮೇಲೆ ಅಂಗೈ ಆಡಿಸಿದರು. ಡುಬ್ಬದ ಹಿಂದೆ ಕೈ ನಿಂತಿತು.

"ಇಲ್ಲಿ ಸುಳಿ ಅದ. ಈ ಜಾಗದಾಗ ಸುಳಿ ಇದ್ದ ಎತ್ತು ಮನಿಗಿ ಆಗಂಗಿಲ್ಲ. ಒಲ್ಲೆ."

"ಮಾವ, ಇದಕ್ಕ ಕೂದಲೇ ಇಲ್ಲ. ಸುಳಿ ಎಲ್ಲಿಂದ ಬರ್ತದ?"

"ಕೂದಲಿಲ್ಲ ಖರೆ. ಸುಳಿ ಅದಲ್ಲ?"

"ಹೊಲ ಉಳಂಗಿಲ್ಲ, ಮೇವು ತಿನ್ನಂಗಿಲ್ಲ. ಇದೇನು ಕೇಡು ಮಾಡ್ತದ?"

"ಸಾಯಂಗೂ ಇಲ್ಲಲ್ಲ ಯವ್ವಾ. ಕಾಯಂ ಮನ್ಯಾಗ ಇರೋದು. ಇನ್ನಾ ಜ್ವಾಕಿ ನೋಡ್ಬೇಕು."

ನಾನು ತೀರ್ಪುಗಾರ್ತಿಯಾಗಿದ್ದರೆ ಬಹುಮಾನ ಅವರಿಗೇ. ಇಪ್ಪತ್ತು ದಿನದ ಕೆಲಸ ನನ್ನ ಶಿಫಾರಸಿನಿಂದ ಹಾಳಾಯಿತಲ್ಲ ಎಂದು ಚಾಚಾನ ಮುಖ ನೋಡಲಾರದೆ ನಿಂತೆ.

ಚಾಚಾ ಕನ್ನಡಕ ಏರಿಸಿ ಇಕ್ಕಳ ತೆಗೆದುಕೊಂಡರು. "ಗೌಡ್ರು ಹೇಳಿದ್ದು ಬರೋಬರ್," ಎನ್ನುತ್ತ ಆ ಸುರುಳಿಯನ್ನು ಎಬ್ಬಿಸಿದರು. ಮೇಲೆದ್ದದ್ದು ತಂತಿಯ ತುದಿ. ನಾಲ್ಕು ಸುತ್ತು ಬಿಚ್ಚಿ, ಕುತ್ತಿಗೆ ಮೇಲಿಂದ ಹಾಯಿಸಿ, ಹಣೆಯ ನಡುವೆ ಸುತ್ತಿ ಒತ್ತಿದರು.

"ಈಗ್ರಿ?"

"ಹಣಿ ಮ್ಯಾಲಿನ ಸುಳಿ ಮನಿಗಿ ಒಳ್ಳೇದು. ಈಗ ರಾಜನಂಗ ಅದ," ಎಂದು ಮಾವ ಎತ್ತನ್ನು ಟವೆಲಿನಲ್ಲಿ ಸುತ್ತಿಕೊಂಡು ನಡೆದರು.

"ಮೂಢನಂಬಿಕಿಗೆ ಬಗ್ಗಿಬಿಟ್ರಿ ಚಾಚಾ."

"ಬೆಕ್ಕಿನ ತುದಿ ಒಂದು ತಾಸು ಹುಡುಕಿ ಸೋತಿ ನೀ. ಅವರು ಎತ್ತಿನ ತುದಿ ಕೈ ಇಟ್ಟ ಕೂಡ್ಲೆ ಹಿಡದ್ರು. ಇಷ್ಟು ವರ್ಷದಾಗ ಅವರೊಬ್ಬರೇ ನೋಡು."

ಸುಳಿಯನ್ನು ನಾನು ಈಗಲೂ ನಂಬುವುದಿಲ್ಲ. ಮೊನ್ನೆ ಆ ಬೆಕ್ಕನ್ನು ಕೊಳ್ಳುವ ಮುಂಚೆ ಮಾತ್ರ ಕಣ್ಣು ಮುಚ್ಚಿ ಬೆನ್ನ ಮೇಲೆ ಅಂಗೈ ಆಡಿಸಿದೆ. ಬಾಲದ ಬುಡದಲ್ಲಿ ಸಣ್ಣದೊಂದು ಸುರುಳಿ ಸಿಕ್ಕಿತು.

"ಸುಳಿ ನೋಡಾಕತ್ತೀ ಏನು ಬೇಟಿ?"

"ಇಲ್ರಿ, ಸಾಕ್ಷಿ ಪರಿಶೀಲನೆ," ಎಂದೆ. ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದ್ದನ್ನು ನೋಡಿಕೊಂಡು, ದನಿ ತಗ್ಗಿಸಿ ಕೇಳಿದೆ: "ಬೆಕ್ಕಿಗಿ ಇಲ್ಲಿ ಇದ್ರ ನಡೀತದಲ್ರಿ?"